ಹೇಳದೆ ಕೇಳದೆ

ನೆಂಟರು ಹೊರಟು ನಿಂತಾಗ ಹೊಸ್ತಿಲಿನ ಬಳಿ ಒಂದು ಗಳಿಗೆ ತಡೆದು, ಕುಂಕುಮ ಇಟ್ಟುಕೊಂಡು, ಚಪ್ಪಲಿಗೆ ಕಾಲು ತೂರಿಸುತ್ತ 'ಬರ್ತೀವಿ' ಎನ್ನುವರೇ ಹೊರತು 'ಹೋಗ್ತೀವಿ' ಎನ್ನುವುದಿಲ್ಲ. ಹೋಗುವ ಕ್ರಿಯೆಯನ್ನು ಬರುವ ಮಾತಿನಿಂದ ಮುಚ್ಚುವ ಈ ಸೌಜನ್ಯವನ್ನು ನಮ್ಮ ಹಿರಿಯರು ಮನುಷ್ಯರಿಗೆ ಕಲಿಸಿದರು, ಯಂತ್ರಗಳಿಗೆ ಕಲಿಸುವ ಪ್ರಸಂಗ ಅವರಿಗೆ ಒದಗಲಿಲ್ಲ. ಹೋದ ಬೇಸಗೆಯಲ್ಲಿ ನನ್ನ ಮನೆಯ ಗಣಕಯಂತ್ರಕ್ಕೆ ಹೇಳದೆ ಕೇಳದೆ ಎದ್ದು ಹೋಗುವ ಚಾಳಿ ಹತ್ತಿತು. ಹೋಗಿ ಸುಮ್ಮನಿದ್ದಿದ್ದರೆ ಸತ್ತಿತೆಂದು ತಿಳಿದು ಮುಂದಿನ ಕರ್ಮಕ್ಕೆ ಅಣಿಯಾಗಬಹುದಿತ್ತು. ಇದು ಹಾಗಲ್ಲ. ವಾಕ್ಯದ ನಡುವೆ, ಕ್ರಿಯಾಪದವಿನ್ನೂ ಬೆರಳ ತುದಿಯಲ್ಲಿರುವಾಗಲೇ, ಪರದೆ ಕಪ್ಪಾಗುವುದು. ಅದನ್ನು ಕಂಡು ನನ್ನ ಎದೆ ಝಲ್ಲೆನ್ನುವಷ್ಟರಲ್ಲಿ ಒಳಗಿನ ಫ್ಯಾನು ಒಮ್ಮೆ ಬಲವಾಗಿ ಉಸಿರೆಳೆದುಕೊಂಡು ತಿರುಗುವುದು. 'ಪೀಂ' ಎಂದು ಒಂದು ಸದ್ದಾಗುವುದು. ಆಮೇಲೆ, ಈಗತಾನೆ ಮಿಂದು ಮಡಿಯುಟ್ಟು ಬಂದವರಂತೆ ನಿರ್ಮಲವಾದ ಮುಖದಿಂದ ಯಂತ್ರ ನನ್ನೆದುರು ಕುಳಿತಿರುವುದು. ನಾನು ಬರೆದಿದ್ದ ಎರಡು ಪುಟ ಮಾತ್ರ ಇರುತ್ತಿರಲಿಲ್ಲ.

ಆಗ ನಾನು ಬರೆಯುತ್ತಿದ್ದುದು ಕೇಶಿರಾಜನ 'ಶಬ್ದಮಣಿದರ್ಪಣ'ದ ಸಂಧಿಪ್ರಕರಣವನ್ನು ಕುರಿತು, ಕಾಲೇಜಿನ ಹುಡುಗರಿಗಾಗಿ ಒಂದು ಸುಲಭ ವಿವರಣೆ. ಮೂವತ್ತು ವರ್ಷ ಅದನ್ನೇ ಪಾಠ ಹೇಳಿ ನಿವೃತ್ತನಾಗಿ ಮೈಸೂರಿನಲ್ಲಿ ಕುಳಿತವನಿಗೆ ಬೇರೆ ಕೆಲಸವಾದರೂ ಏನಿದೆ? ಎರಡು ಸ್ವರಗಳು ಎದುರುಬದುರಾದಾಗ ಒಂದು ಸದ್ದಿಲ್ಲದೆ ಜಾರಿಕೊಳ್ಳುವುದು ಲೋಪ; 'ಊರು' ಎಂಬುದಕ್ಕೆ 'ಅಲ್ಲಿ' ಸೇರಿ 'ಊರಲ್ಲಿ' ಎಂದಾದಾಗ ಆ ಉಕಾರ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಈ ಉದಾಹರಣೆಯನ್ನು ಬರೆದು ಮುಗಿಸಿದ ನಿಮಿಷದಲ್ಲಿಯೇ ಪುಟಕ್ಕೆ ಪುಟವೇ ಲೋಪವಾಯಿತೆಂದರೆ, ಕೇಶಿರಾಜನಿಗೂ ಈ ಯಂತ್ರಕ್ಕೂ ಏನೋ ಒಳಒಪ್ಪಂದವಿದ್ದೀತೆಂದು ನಾನು ಸಂಶಯಪಟ್ಟದ್ದರಲ್ಲಿ ತಪ್ಪಿಲ್ಲ. ಸಮುದ್ರದಾಚೆಯಿರುವ ಮಗಳಿಗೆ ಫೋನಿನಲ್ಲಿ ಇದನ್ನು ನಿವೇದಿಸಿಕೊಂಡಾಗ ಅವಳು ಕೇಶಿರಾಜನ ಸುದ್ದಿಯನ್ನೇ ಎತ್ತದೆ, "ಆಗಾಗ ಸೇವ್ ಮಾಡ್ಕೋಬಾರ್ದೇನಪ್ಪಾ?" ಎಂದಳು. ಕಾಲು ಮುರಿದುಕೊಂಡು ಬಂದವನಿಗೆ 'ನೋಡಿಕೊಂಡು ನಡೆಯಬಾರದಿತ್ತೆ' ಎಂದಂತೆ: ಮಾತೇನೋ ಸತ್ಯ, ಮೂಳೆಗೆ ಅದರಿಂದ ಪ್ರಯೋಜನವಿಲ್ಲ.

ಕಾಯಿಲೆ ಊರಿಗೆ ತಿಳಿದರೆ ವೈದ್ಯರಿಗೆ ಬರವಿಲ್ಲ. ಎದುರುಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಗೇಟಿನ ಬಳಿಯೇ ನಿಂತು, ಒಳಕ್ಕೆ ಬಂದು ನೋಡುವ ಶ್ರಮವನ್ನೂ ತೆಗೆದುಕೊಳ್ಳದೆ, 'ವೈರಸ್' ಎಂದು ಒಂದೇ ಮಾತಿನ ತೀರ್ಪಿತ್ತರು. ಅವರ ಮಾತಿಗೆ ಪೂರ್ವನಿದರ್ಶನವಿಲ್ಲದೆ ಇಲ್ಲ. 2003ರ ಆಗಸ್ಟಿನಲ್ಲಿ 'ಬ್ಲಾಸ್ಟರ್' ಎಂಬ ಕ್ರಿಮಿಯೊಂದು ದೇಶದೇಶಗಳ ಗಣಕಗಳನ್ನು ಹೊಕ್ಕು ಅವುಗಳನ್ನು ಮತ್ತೆಮತ್ತೆ ಆರಿಸಿ ಹೊತ್ತಿಸುತ್ತಿದ್ದುದನ್ನು ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ನಾನೇ ಕಣ್ಣಾರೆ ಕಂಡಿದ್ದೆ. ಆದರೆ ಆ ಪಿಡುಗಿನಲ್ಲಿಯೂ ಒಂದು ದಾಕ್ಷಿಣ್ಯವಿತ್ತು: ಇನ್ನು 60 ಸೆಕೆಂಡಿಗೆ ಯಂತ್ರ ನಿಲ್ಲುವುದು, ಮಾಡುತ್ತಿರುವ ಕೆಲಸವನ್ನು ಉಳಿಸಿಕೊಳ್ಳಿ ಎಂಬ ಸೂಚನೆ ಪರದೆಯ ಮೇಲೆ ಮೂಡಿ, ಐವತ್ತೊಂಬತ್ತು, ಐವತ್ತೆಂಟು ಎಂದು ಕೆಳಮುಖವಾಗಿ ಎಣಿಕೆ ನಡೆಯುತ್ತಿತ್ತು. ಅಂತ್ಯಕಾಲಕ್ಕೆ ಒಂದು ನಿಮಿಷ ಸಿಕ್ಕುವುದೆಂದರೆ ಸಾಮಾನ್ಯವೆ? ನನ್ನ ಯಂತ್ರ ಒಂದು ಕ್ಷಣವನ್ನೂ ಕೊಡುತ್ತಿರಲಿಲ್ಲ. ಇದು ಕ್ರಿಮಿಯ ನಡತೆಯಲ್ಲವೆಂದು ನನ್ನ ಮನಸ್ಸು ಹೇಳಿತು. ಆದರೂ ಶುದ್ಧೀಕರಣದ ಕಾರ್ಯಕ್ರಮವನ್ನು ಯಥಾವಿಧಿಯಾಗಿ ನಡೆಸಿದೆ. ಏನೂ ಸಿಕ್ಕಲಿಲ್ಲ.

ಅನಂತರ ರಿಪೇರಿಯ ಹುಡುಗನನ್ನು ಕರೆಸಿದೆ. ವಿನಯವಂತ; ಬೆನ್ನಿಗೊಂದು ಚೀಲ, ಚೀಲದಲ್ಲಿ ಸ್ಕ್ರೂಡ್ರೈವರು, ಬ್ರಷ್ಷು, ಗಾಳಿಯೂದುವ ಬ್ಲೋವರು. ಬಂದವನೇ "ಫಾರ್ಮ್ಯಾಟ್ ಮಾಡ್ಬಿಡೋಣ ಸಾರ್" ಎಂದನು. ಜಗತ್ತಿನಲ್ಲಿ ಪಾಪ ಹೆಚ್ಚಿದಾಗ ಪ್ರಳಯದಿಂದ ಎಲ್ಲವನ್ನೂ ತೊಳೆದು ಸೃಷ್ಟಿಯನ್ನು ಮೊದಲಿನಿಂದ ಆರಂಭಿಸುವ ಪದ್ಧತಿ ಪುರಾಣಗಳಲ್ಲಿ ಇದೆಯಾದರೂ, ಅಲ್ಲಿಯೂ ಅದು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲವೆಂದು ಅವನಿಗೆ ತಿಳಿಯ ಹೇಳಿದೆ. ಅವನು ನಕ್ಕು, "ಹಾಗಾದ್ರೆ ಸಿಪಿಯು ಬಿಚ್ತೀನಿ" ಎಂದನು. ಸಿಪಿಯು ಎಂಬುದು ವಾಸ್ತವವಾಗಿ ಒಳಗಿನ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಬಿಲ್ಲೆಯ ಹೆಸರು; ನಾವು ಮಾತ್ರ ಮೇಜಿನ ಕೆಳಗಿನ ಇಡೀ ತಗಡಿನ ಪೆಟ್ಟಿಗೆಯನ್ನೇ ಹಾಗೆನ್ನುತ್ತೇವೆ. ಗರ್ಭಗುಡಿಯ ಹೆಸರನ್ನು ಊರಿಗೇ ಇಡುವುದು ನಮಗೆ ಹೊಸದಲ್ಲ.

ಪೆಟ್ಟಿಗೆ ತೆರೆದಾಗ ಕಂಡ ದೃಶ್ಯವನ್ನು ವರ್ಣಿಸಲು ನಾಚಿಕೆಯಾಗುತ್ತದೆ. ಒಂಬತ್ತು ವರ್ಷಗಳ ಧೂಳು ಹತ್ತಿಯ ಅರಳೆಯಂತೆ ಮಡುಗಟ್ಟಿತ್ತು. ಸಿಪಿಯುವಿನ ಮೇಲಿನ ಲೋಹದ ತೆಳುಪಟ್ಟಿಗಳ ಸಂದುಗಳು ಕಟ್ಟಿಹೋಗಿ, ಫ್ಯಾನು ಬೀಸಿದ ಗಾಳಿ ಧೂಳಿನ ಮೇಲೆಯೇ ಸುಳಿದು ಹಿಂದಿರುಗುತ್ತಿತ್ತು. ಒಂದು ಮೂಲೆಯಲ್ಲಿ, ಬೆಚ್ಚನೆಯ ತಾಣವನ್ನು ಅರಸಿ ಬಂದ ಯಾವಳೋ ಹಲ್ಲಿ ಬಾಣಂತಿ ಎರಡು ಮೊಟ್ಟೆಗಳನ್ನಿಟ್ಟು ಹೋಗಿದ್ದಳು. ಹುಡುಗ "ಇದೇ ಸಾರ್ ನಿಮ್ಮ ಬಗ್ಗು" ಎಂದು ವಿನೋದ ಮಾಡಿದನು. ಅವನಿಗೆ ತಿಳಿದಿತ್ತೋ ಇಲ್ಲವೋ, ಆ ವಿನೋದಕ್ಕೆ ಒಂದು ವಂಶಾವಳಿಯುಂಟು. 1947ರ ಸೆಪ್ಟೆಂಬರ್ 9ರಂದು, ಅಂದರೆ ನಮಗೆ ಸ್ವಾತಂತ್ರ್ಯ ಬಂದು ಇನ್ನೂ ಒಂದು ತಿಂಗಳು ತುಂಬದಿದ್ದಾಗ, ಅಮೆರಿಕದ ಹಾರ್ವರ್ಡಿನಲ್ಲಿ 'ಮಾರ್ಕ್ 2' ಎಂಬ ಕೋಣೆ ತುಂಬುವ ಗಣಕವು ತಪ್ಪು ಮಾಡತೊಡಗಲು, ಅಲ್ಲಿಯವರು ಹುಡುಕಲಾಗಿ ಒಂದು ರಿಲೇಯ ನಡುವೆ ಸಿಕ್ಕಿ ಸತ್ತಿದ್ದ ಪತಂಗವೊಂದು ದೊರೆಯಿತು. ಅದನ್ನು ಅವರು ದಿನಚರಿಯ ಪುಸ್ತಕಕ್ಕೆ ಅಂಟಿಸಿ, ಹುಳು ನಿಜವಾಗಿ ಸಿಕ್ಕಿದ್ದು ಇದೇ ಮೊದಲು ಎಂಬರ್ಥದ ಟಿಪ್ಪಣಿ ಬರೆದಿಟ್ಟರು. ಯಂತ್ರದ ದೋಷವನ್ನು ಹುಳುವೆನ್ನುವ ರೂಢಿ ಅದಕ್ಕೂ ಹಳೆಯದು, ಎಡಿಸನ್ನನ ಕಾಗದಗಳಲ್ಲಿಯೇ ಇದೆ. ಆದಕಾರಣವೇ ಆ ಟಿಪ್ಪಣಿಯ ಹಾಸ್ಯ. ಆ ಪತಂಗವು ಈಗಲೂ ಪುಟಕ್ಕೆ ಅಂಟಿಕೊಂಡೇ ಅಲ್ಲಿಯ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಮೊಟ್ಟೆಗಳನ್ನು ಮನೆಯಾಕೆ ಮೊರದಲ್ಲಿ ತೆಗೆದುಕೊಂಡು ಹೋಗಿ ದಾಸವಾಳದ ಬುಡದಲ್ಲಿಟ್ಟಳು.

ಹುಡುಗ ಧೂಳು ಹಾರಿಸಿ, ಸಿಪಿಯುವಿನ ನೆತ್ತಿಯಲ್ಲಿ ಒಣಗಿ ಹೆಕ್ಕಳೆಯಾಗಿದ್ದ ಹಳೆಯ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದನು. ಬಿಲ್ಲೆಯ ಬಿಸಿಯನ್ನು ಲೋಹಕ್ಕೆ ದಾಟಿಸುವುದು ಆ ಲೇಪದ ಕೆಲಸ. ಅದು ಒಣಗಿದರೆ ನಡುವೆ ಗಾಳಿ ಸೇರಿ, ಬಿಸಿ ಅಲ್ಲಿಯೇ ನಿಲ್ಲುತ್ತದೆ. ಈ ಕಾಲದ ಸಿಪಿಯುಗಳು ಮೂರ್ಖವಲ್ಲ. ತಾಪ ಏರಿದರೆ ಮೊದಲು ನಿಧಾನವಾಗುತ್ತವೆ, ನೂರು ಡಿಗ್ರಿಯ ಸಮೀಪಕ್ಕೆ ಬಂದರೆ ತಮ್ಮ ಪ್ರಾಣವನ್ನು ಕಾಪಾಡಿಕೊಳ್ಳಲು ತಾವೇ ಆರಿಹೋಗುತ್ತವೆ. ಅಳೆದು ನೋಡಲಾಗಿ, ಎಂಬತ್ತರ ಮೇಲಿದ್ದ ತಾಪ ಐವತ್ತಕ್ಕೆ ಇಳಿದಿತ್ತು. ಮಾರನೆಯ ದಿನವೆಲ್ಲ ಯಂತ್ರ ಒಮ್ಮೆಯೂ ಕದಲಲಿಲ್ಲ. ನಾನು ಎದುರುಮನೆಯವರಿಗೆ ಧೂಳಿನ ವಿಷಯವಾಗಿ ಸಣ್ಣದೊಂದು ಉಪನ್ಯಾಸವನ್ನೇ ಕೊಟ್ಟೆ. ಅದರ ಮಾರನೆಯ ಬೆಳಿಗ್ಗೆ, ಆಗಮಸಂಧಿಯ ಮೊದಲ ವಾಕ್ಯದಲ್ಲಿ, ಯಂತ್ರ ಹೋಗಿ ಬಂದಿತು.

ಎರಡನೆಯ ಚಿಕಿತ್ಸೆ ರ‍್ಯಾಮಿನದು. ನೆನಪಿನ ಆ ಪಟ್ಟಿಯನ್ನು ಕಿತ್ತು, ಅದರ ಅಂಚಿನ ಹೊಂಬಣ್ಣದ ಹಲ್ಲುಗಳನ್ನು ಹುಡುಗ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದನು. ಕೋಟಿಗಟ್ಟಲೆ ರೂಪಾಯಿಯ ಕಾರ್ಖಾನೆಗಳಲ್ಲಿ ತಯಾರಾಗುವ ವಸ್ತುವಿಗೆ ಒಂದನೆಯ ತರಗತಿಯ ಮಗುವಿನ ಕಂಪಾಸ್ ಪೆಟ್ಟಿಗೆಯಿಂದ ಔಷಧಿ ದೊರೆಯುವುದನ್ನು ಕಂಡು ನನಗೆ ಸಂತೋಷವೇ ಆಯಿತು. ಹಲ್ಲುಗಳ ಮೇಲೆ ಕಿಲುಬು ಕೂತರೆ ಸಂಪರ್ಕ ಕಡಿದು ಯಂತ್ರ ತಬ್ಬಿಬ್ಬಾಗುವುದು ನಿಜ. ಉಜ್ಜಿದರೆ ಸರಿಹೋಗುವುದೂ ನಿಜ. ಒಂದು ದಿನ ಸುಖವಾಗಿತ್ತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕತ್ತಲೆ, ಅದೇ ಪೀಂಕಾರ. ಕಾಗೆ ಕುಳಿತುಕೊಳ್ಳುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದುದನ್ನು ಕಂಡು ಕಾಗೆಯೇ ಹಣ್ಣನ್ನು ಬೀಳಿಸಿತೆಂದು ನಂಬುವ ಕಾಕತಾಳೀಯದ ಭ್ರಾಂತಿಯನ್ನು ಹುಡುಗರಿಗೆ ಬೋರ್ಡಿನ ಮೇಲೆ ಬರೆದು ವಿವರಿಸಿದವನು ನಾನು; ನನ್ನ ಮನೆಯಲ್ಲಿ ಎರಡು ಸಲ ಕಾಗೆ ಕೂತರೂ ನನಗೆ ಅದು ಹೊಳೆಯಲಿಲ್ಲ.

ಹುಡುಗ ರಾತ್ರಿಯೆಲ್ಲ ನಡೆಯುವ ಒಂದು ಪರೀಕ್ಷೆಯನ್ನು ಯಂತ್ರಕ್ಕೆ ಹಚ್ಚಿಟ್ಟು ಹೋದನು. ನೆನಪಿನ ಒಂದೊಂದು ಕೋಶಕ್ಕೂ ಅಂಕಿ ತುಂಬಿ, ಮರಳಿ ಓದಿ, ತಾಳೆ ನೋಡುವ ಆ ಪರೀಕ್ಷೆ ಹಳೆಯ ಕಾಲದ ಘನಪಾಠಿಗಳ ಪರೀಕ್ಷೆಯಂತೆಯೇ ನಿಷ್ಕರುಣವಾದದ್ದು. ಬೆಳಕು ಹರಿಯುವ ಮುನ್ನ ಐದು ಗಂಟೆಗೆ ನೋಡಿದಾಗ ಒಂದು ತಪ್ಪೂ ಇಲ್ಲ. ಯಂತ್ರ ರಾತ್ರಿಯೆಲ್ಲ ಒಮ್ಮೆಯೂ ಮಲಗಿ ಎದ್ದಿರಲಿಲ್ಲ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಿರಬೇಕೆಂದು ಮೀಮಾಂಸಕರು ಊಹಿಸುತ್ತಾರಷ್ಟೆ. ಇರುಳೆಲ್ಲ ಬೆವರು ಹರಿಸಿ ದುಡಿದರೂ ಬೀಳದ ಯಂತ್ರ, ಬೆಳಿಗ್ಗೆ ನಾನು ಮೆಲ್ಲಗೆ ಎರಡಕ್ಷರ ಒತ್ತಿದರೆ ಬೀಳುವುದಾದರೆ, ದೋಷ ದುಡಿಮೆಯಲ್ಲಿಲ್ಲ, ಬೆಳಿಗ್ಗೆಯಲ್ಲಿರಬೇಕೆಂದು ಅರ್ಥಾಪತ್ತಿಯಿಂದ ನಾನು ಆಗಲೇ ತಿಳಿಯಬಹುದಿತ್ತು. ತಿಳಿಯಲಿಲ್ಲ. ಶಾಸ್ತ್ರ ಗೊತ್ತಿರುವುದು ಬೇರೆ, ಸಮಯಕ್ಕೆ ನೆನಪಾಗುವುದು ಬೇರೆ.

ಇದರ ನಡುವೆ ಮಗಳು ದೂರದಿಂದಲೇ ನನ್ನ ಪರದೆಯನ್ನು ತನ್ನ ಪರದೆಯಲ್ಲಿ ತೆರೆದುಕೊಂಡು, ಯಂತ್ರ ಗುಟ್ಟಾಗಿ ಬರೆದಿಡುವ ಘಟನೆಗಳ ಕಡತವನ್ನು ತೋರಿಸಿದಳು. ಬಾಗಿಲು ತೆರೆದದ್ದು, ಮುಚ್ಚಿದ್ದು, ಯಾರು ಬಂದರು, ಯಾರು ಹೋದರು ಎಂಬುದನ್ನೆಲ್ಲ ಬರೆದಿಡುವ ಶಾನುಭೋಗರ ಲೆಕ್ಕದಂತಿದ್ದ ಆ ಕಡತದಲ್ಲಿ ಕೆಂಪು ಗುರುತಿನ ಒಂದು ಸಂಖ್ಯೆ ಮತ್ತೆಮತ್ತೆ ಕಾಣಿಸಿತು: 41. ಅದರ ತಾತ್ಪರ್ಯವಿಷ್ಟೆ: 'ವ್ಯವಸ್ಥೆಯು ಕ್ರಮವಾಗಿ ಮುಚ್ಚಿಕೊಳ್ಳದೆಯೇ ಪುನಃ ಆರಂಭವಾಗಿದೆ.' ಇದನ್ನು ಬರೆದವರು ಯಾರೆಂದು ವಿಚಾರಿಸಿದರೆ, ಸತ್ತವನೇ ಮರುಜನ್ಮದಲ್ಲಿ ಎದ್ದು ಕುಳಿತು, ಹಿಂದಿನ ಜನ್ಮದ ಬಾಗಿಲು ಮುಚ್ಚಿಲ್ಲದಿರುವುದನ್ನು ಕಂಡು, 'ಓಹೋ, ನಾನು ಸತ್ತಿದ್ದೆ' ಎಂದು ದಾಖಲಿಸಿದ ಬರೆಹ ಅದು. ಕಾರಣ ಅವನಿಗೂ ಗೊತ್ತಿಲ್ಲ. ಆದರೆ ಆ ಅಜ್ಞಾನವೇ ಒಂದು ಸಾಕ್ಷ್ಯವೆಂದು ಮಗಳು ವಾದಿಸಿದಳು. ಒಳಗಿನ ತಂತ್ರಾಂಶ ಕೆಟ್ಟು ಯಂತ್ರ ಬಿದ್ದರೆ ಬೀಳುವ ಮುನ್ನ ನೀಲಿಯ ಪರದೆಯೊಂದನ್ನು ಎತ್ತಿ ಅದರ ಮೇಲೆ ದೋಷದ ಅಂಕಿಯನ್ನು ಬರೆಯುತ್ತದೆಯಂತೆ. ಆದರೆ ವ್ಯವಸ್ಥೆ ಕುಸಿದ ಕೂಡಲೆ ತಾನಾಗಿ ಪುನರಾರಂಭಿಸತಕ್ಕದ್ದೆಂಬ ಒಂದು ನಿಯಮ ಮೊದಲಿನಿಂದಲೇ ಜಾರಿಯಲ್ಲಿರುವುದರಿಂದ ಆ ನೀಲಿ ನಮ್ಮ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲವಂತೆ. ಆ ನಿಯಮದ ಗುರುತನ್ನು ಅಳಿಸಿ ನೀಲಿಗಾಗಿ ಕಾದೆವು. ಬಂದದ್ದು ಹಿಂದಿನ ಕಪ್ಪೇ. ಕಡತದಲ್ಲಿ ದೋಷದ ಅಂಕಿಯ ಸ್ಥಾನದಲ್ಲಿ ಸೊನ್ನೆ. "ಹಾಗಾದ್ರೆ ಇದು ಕರೆಂಟಿನ ಸಮಸ್ಯೆ ಅಪ್ಪಾ," ಎಂದಳು ಮಗಳು, "ಕಂಪ್ಯೂಟರ್‌ಗೆ ಹುಷಾರಿಲ್ಲ ಅಂತಲ್ಲ, ಯಾರೋ ಅದರ ಕೆಳಗಿನ ಚಾಪೆ ಎಳೀತಿದಾರೆ."

ಕರೆಂಟೆಂದ ಕೂಡಲೆ ಹುಡುಗ ಹೊಸ ಎಸ್‌ಎಂಪಿಎಸ್ ತಂದನು. ಗೋಡೆಯ ಕರೆಂಟನ್ನು ಹನ್ನೆರಡು, ಐದು, ಮೂರೂವರೆಗಿಂತ ತುಸು ಕಡಿಮೆ ವೋಲ್ಟುಗಳ ಅನ್ನವಾಗಿ ಬೇಯಿಸಿ ಬಡಿಸುವ ಅಡಿಗೆಯವನು ಅದು. ಹನ್ನೆರಡು ವೋಲ್ಟೆಂದರೆ 11.4ರಿಂದ 12.6ರ ಒಳಗೇ ಇರಬೇಕೆಂಬಷ್ಟು ಮಡಿ. ಒಂದನ್ನು ತೆಗೆದು ಅದರ ಸ್ಥಾನದಲ್ಲಿ ಇನ್ನೊಂದನ್ನಿಡುವುದು ನನ್ನ ಪರಿಭಾಷೆಯಲ್ಲಿ ಆದೇಶಸಂಧಿ, ಮಳೆ ಕಾಲ ಮಳೆಗಾಲವಾದಂತೆ; ರಿಪೇರಿಯವರ ಪರಿಭಾಷೆಯಲ್ಲಿ ಅದಕ್ಕೆ 'ಹಾಕಿ ನೋಡೋಣ' ಎನ್ನುತ್ತಾರೆ. ಹಾಕಿ ನೋಡಿದೆವು. ಒಂದು ದಿನ ಸುಖ, ಮರುದಿನ ಕತ್ತಲೆ. ಈಗ ಉಳಿದುದು ಮದರ್‌ಬೋರ್ಡು. "ಇಷ್ಟು ಹಳೇದಕ್ಕೆ ಸಿಗಲ್ಲ ಸಾರ್, ಹೊಸ ಸಿಸ್ಟಮ್ಮೇ ತಗೊಂಬಿಡಿ" ಎಂದು ಅವನು ಹೇಳಿದಾಗ ನಾನು ಬಹುಮಟ್ಟಿಗೆ ಒಪ್ಪಿಯೂ ಬಿಟ್ಟಿದ್ದೆ.

ಕಂಡುಹಿಡಿದವಳು ನನ್ನ ಹೆಂಡತಿ. ಕಂಡುಹಿಡಿಯುವ ಉದ್ದೇಶ ಅವಳಿಗಿರಲಿಲ್ಲ. ಯಂತ್ರ ಬಿದ್ದ ದಿನ, ಗಂಟೆ, ಆಗ ಬರೆಯುತ್ತಿದ್ದ ಪದ, ಇಷ್ಟನ್ನು ನಾನು ಒಂದು ಹಾಳೆಯಲ್ಲಿ ಬರೆದಿಡುತ್ತಿದ್ದೆ. ಪದಕ್ಕೂ ಪತನಕ್ಕೂ ಸಂಬಂಧವಿದ್ದೀತೆಂದು ನಾನು ಹುಡುಕುತ್ತಿದ್ದುದನ್ನು ಈಗ ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಅಡಿಗೆಮನೆಯ ಗೋಡೆಯಲ್ಲಿ ಅವಳದೊಂದು ಕ್ಯಾಲೆಂಡರಿದೆ. ಅದರಲ್ಲಿ ಏಕಾದಶಿ ಹುಣ್ಣಿಮೆಗಳ ಮೇಲೆಯೇ ಹೆಚ್ಚುವರಿ ಹಾಲಿನ ಲೆಕ್ಕ, ಸಿಲಿಂಡರು ಬಂದ ದಿನ, ಕೆಲಸದವಳ ರಜೆ, ನಲ್ಲಿಯಲ್ಲಿ ನೀರು ಬಂದ ದಿನಕ್ಕೆ ಒಂದು 'ನೀ', ಇವೆಲ್ಲವೂ ಪೆನ್ಸಿಲಿನಲ್ಲಿ ದಾಖಲಾಗಿರುತ್ತವೆ. ಬೇಸಗೆಯಲ್ಲಿ ನಮ್ಮ ಬೀದಿಗೆ ನೀರು ದಿನ ಬಿಟ್ಟು ದಿನ. ಕಾಫಿ ತಂದಿಟ್ಟವಳು ನನ್ನ ಹಾಳೆಯ ಮೇಲೆ ಕಣ್ಣಾಡಿಸಿ, "ಇದೇನ್ರೀ, ನೀರು ಬಿಟ್ಟ ದಿನಗಳನ್ನ ಯಾಕೆ ಬರೆದಿಟ್ಟಿದೀರಿ?" ಎಂದಳು.

ಹಾಳೆಯನ್ನು ಹಿಡಿದುಕೊಂಡು ಅಡಿಗೆಮನೆಗೆ ಹೋದೆ. ಹದಿನಾಲ್ಕು ಪತನಗಳು, ಹದಿಮೂರರ ಪಕ್ಕದಲ್ಲಿ 'ನೀ'. ಹದಿನಾಲ್ಕನೆಯ ದಿನ ಟ್ಯಾಂಕರಿನವನು ಬಂದಿದ್ದನು. ನೀರು ಬಂದ ಬೆಳಿಗ್ಗೆ ಆರೂವರೆಗೆ ಸಂಪಿನಿಂದ ಮೇಲಿನ ತೊಟ್ಟಿಗೆ ಅವಳು ಮೋಟಾರ್ ಹಾಕುತ್ತಾಳೆ. ಅದೇ ಹೊತ್ತಿಗೆ ನಾನು ಕೇಶಿರಾಜನನ್ನು ಬಿಚ್ಚಿಕೊಂಡು ಕುಳಿತಿರುತ್ತೇನೆ. ಪ್ರತಿಯೊಂದು ಚಿಕಿತ್ಸೆಯೂ ಒಂದೊಂದು ದಿನ ಫಲಿಸಿದ್ದೇಕೆಂಬುದು ಆಗ ತಿಳಿಯಿತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹೊರಟಂದಿನಿಂದ ಈ ಸೀಮೆಯಲ್ಲಿ ಕಾವೇರಿಗೆ ಎರಡು ರೂಪಗಳು, ನಲ್ಲಿಯಲ್ಲಿ ನೀರು, ತಂತಿಯಲ್ಲಿ ಕರೆಂಟು. ಆ ಎರಡಕ್ಕೂ ನನ್ನ ಮನೆಯಲ್ಲಿ ಆರೂವರೆಗೆ ಸಂಧಿಯಾಗುತ್ತಿತ್ತು, ಲೋಪವಾಗುತ್ತಿದ್ದುದು ನನ್ನ ಪುಟ.

ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು, ಇವೆರಡನ್ನೂ ನೋಡಿದ ಹೊರತು ಕಾರಣವೆನ್ನಬಾರದೆಂದು ತಾರ್ಕಿಕರು ಅನ್ವಯ ವ್ಯತಿರೇಕಗಳ ನಿಯಮವನ್ನು ಹಾಕಿದ್ದಾರೆ. ಅಂದು ಸಂಜೆಯೇ ಪರೀಕ್ಷೆಗೆ ನಿಂತೆವು. ಅವಳು ಹಿತ್ತಲಿನಲ್ಲಿ ಸ್ವಿಚ್ಚಿನ ಬಳಿ, ನಾನು ಪರದೆಯ ಮುಂದೆ. "ಹಾಕ್ಲಾ?" "ಹಾಕು." ದೀಪ ಒಮ್ಮೆ ಮಂಕಾಯಿತು, ಮೇಜಿನ ಕೆಳಗೆ 'ಟಕ್' ಎಂದಿತು, ಯಂತ್ರ ಹೋಗಿ ಬಂದಿತು. ಆ ಟಕ್ಕೆಂಬ ಸದ್ದು ಯಂತ್ರದ್ದಲ್ಲ, ಅದರ ಪಕ್ಕದ ಯುಪಿಎಸ್ಸಿನದು ಎಂಬುದನ್ನು ಆಗ ಮೊದಲ ಬಾರಿಗೆ ಗಮನಿಸಿದೆ. ಯುಪಿಎಸ್ಸನ್ನು ಬಿಡಿಸಿ, ಯಂತ್ರದ ಪ್ಲಗ್ಗನ್ನು ನೇರವಾಗಿ ಗೋಡೆಗೆ ಚುಚ್ಚಿ, ಮತ್ತೆ "ಹಾಕು" ಎಂದೆ. ದೀಪ ಮಂಕಾಯಿತು. ಯಂತ್ರ ಕದಲಲಿಲ್ಲ. ಮೂರು ಸಲ ಹಾಕಿಸಿದೆ. ಮೂರು ಸಲವೂ ಬಂಡೆಯಂತೆ ಕುಳಿತಿತ್ತು.

ನಡೆದದ್ದು ಇಷ್ಟು. ಮೋಟಾರು ನಿಂತಲ್ಲಿಂದ ಏಳುವಾಗ, ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟನ್ನು ಎಳೆಯುತ್ತದೆ. ಆ ಕ್ಷಣ ಮನೆಯ 230 ವೋಲ್ಟು ಕುಗ್ಗುತ್ತದೆ. ಎಸ್‌ಎಂಪಿಎಸ್ಸಿಗೆ ಇದು ಲೆಕ್ಕಕ್ಕಿಲ್ಲ. ಇನ್ನೂರರ ಕೆಳಗಿಳಿದರೂ ಅದು ದುಡಿಯಬಲ್ಲುದು. ಆದರೆ ಜಾಗರೂಕನಾದ ಯುಪಿಎಸ್ಸು ವೋಲ್ಟು ಕುಗ್ಗಿದ್ದನ್ನು ಕಂಡು, ಯಂತ್ರವನ್ನು ಕಾಪಾಡುವ ಸದ್ಬುದ್ಧಿಯಿಂದ, ಗೋಡೆಯ ಕೈ ಬಿಡಿಸಿ ತನ್ನ ಬ್ಯಾಟರಿಗೆ ಹಿಡಿಸುತ್ತಿತ್ತು. ಬ್ಯಾಟರಿ ಯಾವಾಗಲೋ ಸತ್ತಿತ್ತು. ಹೊರೆಯಿಲ್ಲದಾಗ ಹನ್ನೆರಡು ವೋಲ್ಟನ್ನು ತೋರಿಸಿ, ಹೊರೆ ಬಿದ್ದೊಡನೆ ಕುಸಿಯುವುದು ಮುದಿ ಬ್ಯಾಟರಿಗಳ ಸ್ವಭಾವ. ಗೋಡೆಯ ಕರೆಂಟಿನ ಒಂದು ಅಲೆಗೆ ಸೆಕೆಂಡಿನ ಐವತ್ತರಲ್ಲೊಂದು ಭಾಗ ಸಾಕು. ಅಷ್ಟು ಹೊತ್ತು ಅನ್ನ ಬಾರದಿದ್ದರೆ ಎಸ್‌ಎಂಪಿಎಸ್ಸು 'ಇಲ್ಲಿ ಎಲ್ಲ ಕ್ಷೇಮ' ಎಂದು ಮದರ್‌ಬೋರ್ಡಿಗೆ ಸದಾ ಕಳುಹಿಸುತ್ತಿರುವ ಐದು ವೋಲ್ಟಿನ ಸಂಜ್ಞೆಯನ್ನು ಹಿಂತೆಗೆದುಕೊಳ್ಳುತ್ತದೆ, ಸಿಪಿಯು ಅಲ್ಲಿಗೇ ನಿಲ್ಲುತ್ತದೆ. ಅಷ್ಟರಲ್ಲಿ ಮೋಟಾರು ಓಟಕ್ಕೆ ಬಿದ್ದು, ವೋಲ್ಟು ಮೇಲೆದ್ದು, ಯುಪಿಎಸ್ಸು ಗೋಡೆಗೆ ಮರಳಿ, ಸಂಜ್ಞೆ ಮತ್ತೆ ಬಂದು, ಯಂತ್ರ ಮೊದಲಿನಿಂದ ಎಚ್ಚರಗೊಳ್ಳುತ್ತದೆ. ಆರಿಹೋಗದೆ ಪುನರಾರಂಭವಾಗುತ್ತಿದ್ದ ರಹಸ್ಯ ಇದು. ಬೇಲಿಯೇ ಎದ್ದು ಹೊಲ ಮೇಯಿತೆಂದು ಎದುರುಮನೆಯವರು ಉದ್ಗರಿಸಿದರು. ನಾನು ಹಾಗೆನ್ನಲಾರೆ, ಬೇಲಿಗೆ ವಯಸ್ಸಾಗಿತ್ತು, ಅಷ್ಟೆ. ಈ ಬಗೆಯ ಬ್ಯಾಟರಿಗಳಿಗೆ ಮೂರು ವರ್ಷ ಒಳ್ಳೆಯ ಆಯುಷ್ಯ. ನನ್ನದಕ್ಕೆ ಐದು ದಾಟಿತ್ತು. ಅಷ್ಟು ಕಾಲವೂ ಮುಂದಿನ ಹಸಿರು ದೀಪ ಮಾತ್ರ ಒಂದು ದಿನವೂ ತಪ್ಪದೆ ಉರಿದಿತ್ತು. ಕರೆಂಟು ಹೋದಾಗ ಕಂಪ್ಯೂಟರು ಆರಿದರೆ, ಕರೆಂಟು ಹೋದ ಮೇಲೆ ಆರದಿರುವುದೆ ಎಂದು ನಾನೂ ಸುಮ್ಮನಿದ್ದೆ. ಆರಬಾರದೆಂದೇ ತಾನೆ ಆ ಪೆಟ್ಟಿಗೆಗೆ ದುಡ್ಡು ಕೊಟ್ಟದ್ದು ಎಂಬುದು ಮರೆತೇಹೋಗಿತ್ತು.

ಮೋಟಾರನ್ನು ನೋಡಲು ಬಂದ ಎಲೆಕ್ಟ್ರಿಷಿಯನ್ನು, ಅದರ ಕಂಡೆನ್ಸರು ವೀಕಾಗಿ ಏಳುವುದಕ್ಕೇ ತಿಣುಕುತ್ತಿದೆಯೆಂದು ಹೇಳಿ ಅದನ್ನು ಬದಲಾಯಿಸಿದನು. ಯುಪಿಎಸ್ಸಿನ ಹಳೆಯ ಬ್ಯಾಟರಿಯನ್ನು ಬಿಚ್ಚಿದಾಗ ಅದರ ಎರಡು ಪಕ್ಕೆಗಳೂ ಉಬ್ಬಿ, ಗೂಡಿನಿಂದ ಈಚೆಗೆ ಬರಲೊಲ್ಲದೆ ಹಟಮಾಡಿತು. ಅಂಗಡಿಯವರು ಅದನ್ನು ತೆಗೆದುಕೊಂಡು, ಹನ್ನೆರಡು ವೋಲ್ಟಿನ, ಏಳು ಆಂಪಿಯರ್-ಅವರಿನ ಹೊಸದೊಂದನ್ನು ಕೊಟ್ಟರು. ಹೊಸ ಸಿಸ್ಟಮ್ಮಿಗಾಗಿ ಎತ್ತಿಟ್ಟಿದ್ದ ಹಣದಲ್ಲಿ ಅದು ಎಲ್ಲಿಯೋ ಒಂದು ಮೂಲೆಗೆ ಸಾಲುವಷ್ಟು. ಅದರ ನೆತ್ತಿಯ ಮೇಲೆ ಮಾರ್ಕರಿನಿಂದ ತಾರೀಖನ್ನು ದಪ್ಪಗೆ ಬರೆದೆ. ಹೆಂಡತಿ ಅದನ್ನೇ ತನ್ನ ಕ್ಯಾಲೆಂಡರಿನ ಹಿಂದಣ ಪುಟದಲ್ಲಿಯೂ ಬರೆದುಕೊಂಡಳು.

ಯಂತ್ರ ಆಮೇಲೆ ಒಮ್ಮೆಯೂ ಬಿದ್ದಿಲ್ಲ. ಲೋಪ ಮುಗಿದು, ಆಗಮ ಮುಗಿದು, ಆದೇಶದ ನಡುವಿನಲ್ಲಿದ್ದೇನೆ. ಆದರೂ ನೀರು ಬಂದ ಬೆಳಿಗ್ಗೆ ಆರೂವರೆಗೆ ಹಿತ್ತಲಿನಿಂದ "ಮೋಟಾರ್ ಹಾಕ್ತಿದೀನಿ ಕಣ್ರೀ" ಎಂಬ ಕೂಗು ತಪ್ಪದೆ ಬರುತ್ತದೆ. ನಾನೂ ತಪ್ಪದೆ ಬರೆದಷ್ಟನ್ನು ಸೇವ್ ಮಾಡಿ, ಕೀಲಿಗಳಿಂದ ಕೈಯೆತ್ತಿ ಕಾಯುತ್ತೇನೆ. ದೀಪ ಒಮ್ಮೆ ಮಂಕಾಗುತ್ತದೆ. ಮೇಲೆ ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿದ ಮೇಲೆ ಮುಂದಿನ ಅಕ್ಷರವನ್ನು ಒತ್ತುತ್ತೇನೆ.